ಚಂದಾ ಮುಗಿದರೂ ಡಿಶ್‌ಗೆ ಬೀಳುವ ಸಿಗ್ನಲ್

ಚಂದಾ ಮುಗಿದು ಟೀವಿ ಕಪ್ಪಾದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಕಟ್ ಮಾಡಿಬಿಟ್ರು." ಕರೆಂಟ್‌ಗಾದರೆ ಈ ಮಾತು ಸರಿ, ಫ್ಯೂಸ್ ಕಿತ್ತುಕೊಂಡು ಹೋದರೆ ಮುಗೀತು. ನೀರಿಗೂ ಸರಿ, ವಾಲ್ವ್ ತಿರುಗಿಸಿದರೆ ನಲ್ಲಿ ಒಣಗುತ್ತದೆ. ಆದರೆ ಉಪಗ್ರಹದಿಂದ ಬರುವ ಟೀವಿಯಲ್ಲಿ ಕಟ್ ಮಾಡೋಕೆ ಏನಿದೆ ಹೇಳಿ? ಡಿಶ್‌ಗೂ ಆಕಾಶಕ್ಕೂ ನಡುವೆ ತಂತಿಯೇ ಇಲ್ಲ. ಯಾರೂ ಮಹಡಿ ಹತ್ತಲಿಲ್ಲ, ಏನನ್ನೂ ಬಿಚ್ಚಲಿಲ್ಲ. ರಾತ್ರಿ ಮಲಗುವಾಗ ಇದ್ದ ಚಾನೆಲ್ ಬೆಳಗ್ಗೆ ಇಲ್ಲ. ಹಾಗಾದರೆ ನಿಂತದ್ದು ಯಾವುದು?

ಸಿಗ್ನಲ್ ಅಂತೂ ಅಲ್ಲ. ಟೀವಿ ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ, 35,786 ಕಿ.ಮೀ. ಎತ್ತರದಲ್ಲಿ. ಅಷ್ಟು ಎತ್ತರದಲ್ಲಿ ಅದು ಒಂದು ಸುತ್ತು ಹಾಕೋಕೂ ಭೂಮಿ ತನ್ನ ಸುತ್ತ ತಾನು ತಿರುಗೋಕೂ ಹಿಡಿಯುವ ಹೊತ್ತು ಒಂದೇ. ಹಾಗಾಗಿ ನೆಲದಿಂದ ನೋಡಿದರೆ ಅದು ನಿಂತಲ್ಲೇ ನಿಂತಿರುತ್ತದೆ, ಡಿಶ್ ಅನ್ನು ಒಮ್ಮೆ ಅತ್ತ ತಿರುಗಿಸಿ ನಟ್ಟು ಬಿಗಿ ಮಾಡಿದರೆ ಸಾಕು. ಒಂದು ಕಟ್ಟು ಚಾನೆಲ್‌ಗಳನ್ನು ಕೆಳಗೆ ಕಳಿಸೋಕೆ ಉಪಗ್ರಹ ಬಳಸುವ ಶಕ್ತಿ ಎಷ್ಟು ಅಂದುಕೊಂಡಿರಿ? ಸುಮಾರು 100 ವಾಟ್, ಹಳೇ ಕಾಲದ ಒಂದು ಬಲ್ಬ್‌ನಷ್ಟು. ಆ ಶಕ್ತಿ ಸಾವಿರಾರು ಕಿಲೋಮೀಟರ್ ಅಗಲದ ಜಾಗದ ಮೇಲೆ ಹರಡಿ ಬೀಳುತ್ತದೆ, ಅದರಲ್ಲಿ 60 ಸೆಂ.ಮೀ.ನ ಡಿಶ್ ಒಂದಕ್ಕೆ ಸಿಗುವ ಪಾಲು ಒಂದು ವಾಟ್‌ನ ಲಕ್ಷ ಕೋಟಿಯಲ್ಲಿ ಒಂದು ಭಾಗದ ಆಸುಪಾಸು. ಅಷ್ಟರಲ್ಲೇ ಇಡೀ ಸಿನಿಮಾ ಬಂದು ಕೂರುತ್ತದೆ! ಮತ್ತೆ, ಮಳೆ ಯಾರ ಹೊಲ ಅಂತ ಕೇಳಿ ಬೀಳುವುದಿಲ್ಲವಲ್ಲ, ಇದೂ ಹಾಗೆಯೇ. ದುಡ್ಡು ಕಟ್ಟಿದವರ ಡಿಶ್, ಕಟ್ಟದವರ ಡಿಶ್, ಬೀದಿಯ ಮರ, ನಿಲ್ಲಿಸಿದ ಕಾರು, ಎಲ್ಲದರ ಮೇಲೂ ಒಂದೇ ಸಮ. ಉಪಗ್ರಹಕ್ಕೆ ನೀವು ಯಾರು ಅನ್ನೋದೇ ಗೊತ್ತಿಲ್ಲ. ಅದು ಹೆಚ್ಚೂ ಕಡಿಮೆ ಒಂದು ಕನ್ನಡಿ: ಕೆಳಗಿನಿಂದ ಬಂದದ್ದನ್ನು ತರಂಗಾಂತರ ಬದಲಿಸಿ, ಬಲ ಹೆಚ್ಚಿಸಿ, ವಾಪಸ್ ಕೆಳಗೆ ಎಸೆಯುತ್ತದೆ.

ಇನ್ನೂ ತಮಾಷೆ ಅಂದರೆ ನಿಮ್ಮ ಬಾಕ್ಸ್ ಕೂಡ ಕೆಲಸ ಬಿಟ್ಟಿರುವುದಿಲ್ಲ. ಡಿಶ್‌ನ ಮುಂದೆ ಚಾಚಿಕೊಂಡಿರುವ ಪುಟ್ಟ ಡಬ್ಬಿಗೆ ಅದು ಎಂದಿನಂತೆ 13 ಅಥವಾ 18 ವೋಲ್ಟ್ ಕಳಿಸುತ್ತಲೇ ಇರುತ್ತದೆ (ಯಾವ ವೋಲ್ಟೇಜ್ ಅನ್ನೋದರ ಮೇಲೆ ಆ ಡಬ್ಬಿ ಅಡ್ಡಡ್ಡ ಅಲುಗುವ ಅಲೆಗಳನ್ನು ಹಿಡಿಯಬೇಕೋ ಮೇಲೆ ಕೆಳಗೆ ಅಲುಗುವ ಅಲೆಗಳನ್ನೋ ಅಂತ ತೀರ್ಮಾನ ಮಾಡುತ್ತದೆ). ಸಿಗ್ನಲ್ ಹಿಡಿಯುತ್ತದೆ, ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ಸರಿ ಮಾಡುತ್ತದೆ, 188 ಬೈಟ್‌ನ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಬರುವ ಮಾಹಿತಿಯನ್ನು ಬೇರ್ಪಡಿಸುತ್ತದೆ. ಪ್ರತಿ ಪೊಟ್ಟಣದ ತಲೆಯ ಮೇಲೆ 2 ಬಿಟ್‌ನ ಒಂದು ಗುರುತು ಇರುತ್ತದೆ: ಈ ಪೊಟ್ಟಣಕ್ಕೆ ಬೀಗ ಹಾಕಿದೆಯೋ ಇಲ್ಲವೋ, ಹಾಕಿದ್ದರೆ ಎರಡು ಕೀಲಿಗಳಲ್ಲಿ ಯಾವುದರಿಂದ ತೆಗೆಯಬೇಕು ಅಂತ. ಬಾಕ್ಸ್ ಅದನ್ನೂ ಓದುತ್ತದೆ. ಅಲ್ಲಿಗೆ ನಿಲ್ಲುತ್ತದೆ. ಪೊಟ್ಟಣ ಕೈಯಲ್ಲೇ ಇದೆ, ಬಿಚ್ಚೋಕೆ ಕೀಲಿ ಇಲ್ಲ. ಆಗ ಪರದೆಯ ಮೇಲೆ "ಈ ಚಾನೆಲ್ ನಿಮ್ಮ ಚಂದಾದಲ್ಲಿ ಇಲ್ಲ" ಅನ್ನೋ ಥರದ ಸಾಲು ಬರುತ್ತದೆ. ಜೋರು ಮಳೆಗೆ ಬರುವ "ಸಿಗ್ನಲ್ ಇಲ್ಲ" ಬೇರೆ, ಇದು ಬೇರೆ. ಕಾರ್ಯಕ್ರಮಗಳ ಪಟ್ಟಿಗೆ ಸಾಮಾನ್ಯವಾಗಿ ಬೀಗ ಹಾಕಿರುವುದಿಲ್ಲ, ಅದಕ್ಕೇ ಚಂದಾ ಮುಗಿದ ಮೇಲೂ ನೀವು ಏನನ್ನು ನೋಡೋಕಾಗುತ್ತಿಲ್ಲ ಅಂತ ಬಾಕ್ಸ್ ಹೆಸರು ಸಮೇತ, ಟೈಮ್ ಸಮೇತ ಹೇಳುತ್ತಲೇ ಇರುತ್ತದೆ. ಹೊಟ್ಟೆ ಉರಿಸೋಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಈಗ ಬೀಗದ ವಿಷಯ. ಬೀಗ ಅಂದರೆ ಮಾಹಿತಿಯನ್ನು ಒಂದು ಗುಟ್ಟಿನ ಸಂಖ್ಯೆಯಿಂದ ಕಲಸಿಬಿಡುವ ವಿಧಾನ, ಆ ಸಂಖ್ಯೆಯೇ ಕೀಲಿ. ಡಿಜಿಟಲ್ ಟೀವಿಯಲ್ಲಿ ಬಹಳ ಕಡೆ ಬಳಕೆಗೆ ಬಂದ ಒಂದು ಬೀಗ 1994ರದು. ಅದರ ಕೀಲಿ ಉದ್ದ 64 ಬಿಟ್, ಆದರೆ ಅದರಲ್ಲಿ ನಿಜಕ್ಕೂ ಗುಟ್ಟಾಗಿರುವುದು 48 ಬಿಟ್ ಮಾತ್ರ. ಅಂದರೆ ಸುಮಾರು 281 ಲಕ್ಷ ಕೋಟಿ ಸಾಧ್ಯತೆಗಳು. ದೊಡ್ಡ ಸಂಖ್ಯೆ ಅನ್ನಿಸುತ್ತೆ, ಆದರೆ ಇವತ್ತಿನ ಕಂಪ್ಯೂಟರ್‌ಗಳಿಗೆ ಅದು ಅಷ್ಟೇನೂ ದೊಡ್ಡದಲ್ಲ. ಅದರ ಬಲ ಇದ್ದದ್ದು ಬೇರೆ ಕಡೆ: ಕೀಲಿ ಸುಮಾರು 10 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ನೀವು ಲಕ್ಷ ಕೋಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಕೊನೆಗೂ ಒಂದು ಹೊಂದಿತು ಅನ್ನುವಷ್ಟರಲ್ಲಿ ಬಾಗಿಲಿಗೆ ಹೊಸ ಬೀಗ. (ಈಚಿನ ಬೀಗಗಳ ಕೀಲಿ 128 ಬಿಟ್, ಅದನ್ನು ಹೀಗೆ ಹುಡುಕುವ ಮಾತೇ ಇಲ್ಲ.) ಒಂದು ಕೀಲಿ ಬಳಕೆಯಲ್ಲಿರುವಾಗಲೇ ಮುಂದಿನದು ಬಂದು ಕಾಯುತ್ತಿರುತ್ತದೆ. ಪೊಟ್ಟಣದ ಮೇಲಿನ ಗುರುತಿನಲ್ಲಿ ಎರಡು ಕೀಲಿಗಳ ಮಾತು ಬಂತಲ್ಲ, ಅದು ಇದೇ. ಹಾಗಾಗಿ ಚಂದಾದಾರನಿಗೆ ಚಿತ್ರ ಒಂದು ಚೂರೂ ತಡವರಿಸುವುದಿಲ್ಲ.

ಆ ಕೀಲಿ ಬರುವುದಾದರೂ ಎಲ್ಲಿಂದ? ಅದೇ ಸಿಗ್ನಲ್‌ನಲ್ಲಿ, ಎಲ್ಲರ ಮನೆಗೂ, ಚಿತ್ರದ ಜೊತೆಯಲ್ಲೇ! ಆದರೆ ಅದಕ್ಕೂ ಬೀಗ ಹಾಕಿರುತ್ತಾರೆ. ಆ ಎರಡನೇ ಬೀಗದ ಕೀಲಿ ಇರುವುದು ಬಾಕ್ಸ್‌ಗೆ ಸಿಕ್ಕಿಸಿದ ಕಾರ್ಡ್‌ನ ಒಳಗಿನ ಚಿಪ್‌ನಲ್ಲಿ (ಕಾರ್ಡ್ ಇಲ್ಲದ ಬಾಕ್ಸ್‌ಗಳಲ್ಲಿ ಇದೇ ಕೆಲಸವನ್ನು ಬಾಕ್ಸ್‌ನ ಚಿಪ್ ಮಾಡುತ್ತದೆ). ಈ ಎರಡನೇ ಕೀಲಿಯನ್ನೂ ಕಂಪನಿ ಆಗಾಗ ಬದಲಿಸುತ್ತದೆ, ಹೊಸದನ್ನು ದುಡ್ಡು ಕಟ್ಟಿದ ಕಾರ್ಡುಗಳಿಗೆ ಮಾತ್ರ, ಆಯಾ ಕಾರ್ಡಿನ ಗುಟ್ಟಿನ ನಂಬರಿನಲ್ಲಿ ಮುಚ್ಚಿ ಕಳಿಸುತ್ತದೆ. ಕೀಲಿಯ ಮೇಲೆ ಕೀಲಿ. ಪೆಟ್ಟಿಗೆಯೊಳಗೆ ಪೆಟ್ಟಿಗೆ.

ಅಂದರೆ ಚಂದಾ ಮುಗಿದಾಗ ನಿಲ್ಲುವುದು ಆ ಹೊಸ ಕೀಲಿಯ ಸಂದೇಶ ಮಾತ್ರ. ನಿಮ್ಮ ಕಾರ್ಡಿಗೆ ಬೇಡ ಅಂತ ಯಾರೂ ಹೇಳಬೇಕಿಲ್ಲ, ಸುಮ್ನೆ ಇದ್ದರೆ ಸಾಕು.

ಇದು ಮೊದಲಿನಿಂದಲೂ ಹೀಗೇ ಇರಲಿಲ್ಲ. ಹಳೆಯ ಕೆಲವು ವ್ಯವಸ್ಥೆಗಳಲ್ಲಿ ಲೆಕ್ಕ ತಿರುಗಾಮುರುಗಾ ಇತ್ತು: ಕಾರ್ಡ್ ಎಲ್ಲಾ ಚಾನೆಲ್ ತೆರೆದುಕೊಂಡೇ ಕೈಗೆ ಬರುತ್ತಿತ್ತು, ದುಡ್ಡು ಕಟ್ಟದ ಚಾನೆಲ್‌ಗಳನ್ನು ಮುಚ್ಚು ಅಂತ ಆಮೇಲೆ ಆಕಾಶದಿಂದ ಆದೇಶ ಬರುತ್ತಿತ್ತು. ಆ ಕಾಲದ ಚಿಪ್‌ಗಳ ನೆನಪಿನಲ್ಲಿ ಏನಾದರೂ ಬರೆಯಬೇಕಾದರೆ ಸ್ವಲ್ಪ ಹೆಚ್ಚಿನ ವೋಲ್ಟೇಜ್ ಬೇಕಿತ್ತು, ಅದಕ್ಕಾಗಿಯೇ ಕಾರ್ಡಿನ ಮೇಲೆ ಬೇರೆ ಒಂದು ಲೋಹದ ಬಿಲ್ಲೆ ಇತ್ತು. ಜನ ಬಿಡ್ತಾರಾ? ಆ ಒಂದು ಬಿಲ್ಲೆಯ ಮೇಲೆ ಟೇಪ್ ಅಂಟಿಸಿದರು. ಅಷ್ಟೇ! ಆದೇಶ ಬರುತ್ತದೆ, ಕಾರ್ಡ್ ಕೇಳಿಸಿಕೊಳ್ಳುತ್ತದೆ, ಬರೆದುಕೊಳ್ಳೋಕೆ ಆಗುವುದಿಲ್ಲ, ಮರೆತುಬಿಡುತ್ತದೆ. ಇವರು ಚಂದಾ ರದ್ದು ಮಾಡಿ ಹಾಯಾಗಿ ಟೀವಿ ನೋಡುತ್ತಿದ್ದರು. ಕಂಪ್ಯೂಟರ್ ಭದ್ರತೆಯ ತಜ್ಞರಾದ ರಾಸ್ ಆಂಡರ್ಸನ್ ಮತ್ತು ಮಾರ್ಕಸ್ ಕೂನ್ 1996ರ ತಮ್ಮ ಪ್ರಬಂಧದಲ್ಲಿ ಇದನ್ನು ದಾಖಲಿಸಿದ್ದಾರೆ. ಲಕ್ಷಗಟ್ಟಲೆ ಖರ್ಚಿನ ಗಣಿತವನ್ನು ಒಂದು ತುಂಡು ಟೇಪ್ ಸೋಲಿಸಿದ್ದು ನನಗಂತೂ ಇಡೀ ಕತೆಯಲ್ಲೇ ಜಾಸ್ತಿ ಇಷ್ಟವಾದ ಭಾಗ.

ಅಲ್ಲಿನ ತಪ್ಪು ಎಲ್ಲಿತ್ತು ನೋಡಿ. ನಿಲ್ಲಿಸೋಕೆ ಒಂದು ಸಂದೇಶ ಬೇಕು ಅಂತಾದರೆ, ಆ ಸಂದೇಶ ತಲುಪದ ಹಾಗೆ ಮಾಡಿದವನೇ ಗೆದ್ದ. ಬಾಕ್ಸ್‌ನಿಂದ ಉಪಗ್ರಹಕ್ಕೆ ವಾಪಸ್ ಮಾತಾಡೋ ದಾರಿ ಇಲ್ಲ, ಹಾಗಾಗಿ ಸಂದೇಶ ತಲುಪಿತೋ ಇಲ್ಲವೋ ಕಂಪನಿಗೆ ಗೊತ್ತಾಗುವುದೂ ಇಲ್ಲ. ಆದರೆ ಮುಂದುವರಿಸೋಕೆ ಸಂದೇಶ ಬೇಕು ಅಂತ ಮಾಡಿಬಿಟ್ಟರೆ? ಆಗ ಅಡ್ಡ ಹಾಕಿದವನಿಗೇ ನಷ್ಟ. ಈಗಿನ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಕಾರ್ಡಿನಲ್ಲಿರುವ ಹಕ್ಕಿಗೆ ಮುಗಿಯುವ ತಾರೀಖು ಇರುತ್ತದೆ. ನಿಲ್ಲಿಸು ಅನ್ನೋ ಸಂದೇಶವನ್ನೂ ಕಳಿಸುತ್ತಾರೆ, ಬೇಗ ಮುಗಿಯಲಿ ಅಂತ. ಅದು ತಲುಪದಿದ್ದರೂ ತಾರೀಖು ಬಿಡುವುದಿಲ್ಲ.

ತಾರೀಖು ಅಂದ ತಕ್ಷಣ ನಿಮಗೆ ಹೊಳೆದದ್ದು ಚಿಕ್ಕಂದಿನಲ್ಲಿ ನನಗೂ ಹೊಳೆದಿತ್ತು. ಬಾಕ್ಸ್‌ನ ಗಡಿಯಾರವನ್ನು ಒಂದು ತಿಂಗಳು ಹಿಂದಕ್ಕೆ ತಿರುಗಿಸಿ, ದೊಡ್ಡ ವಿಜ್ಞಾನಿಯ ಹಾಗೆ ಕಾದು ಕೂತಿದ್ದೆ. ಏನೂ ಆಗಲಿಲ್ಲ. ಕಾರ್ಡಿಗೆ ಸ್ವಂತ ಗಡಿಯಾರ ಇಲ್ಲ, ಬ್ಯಾಟರಿಯೂ ಇಲ್ಲ. ಇವತ್ತಿನ ತಾರೀಖು ಏನು ಅನ್ನೋದು ಕೀಲಿಯ ಜೊತೆಯಲ್ಲೇ ಬೀಗ ಹಾಕಿಕೊಂಡು ಆಕಾಶದಿಂದ ಬರುತ್ತದೆ. ಬಾಕ್ಸ್ ತೋರಿಸುವ ಗಡಿಯಾರವನ್ನು ಕಾರ್ಡ್ ತಿರುಗಿಯೂ ನೋಡುವುದಿಲ್ಲ.

ಇದೇ ಕಾರಣಕ್ಕೆ ಇನ್ನೊಂದು ಪೇಚು. ದುಡ್ಡು ಕಟ್ಟಿದ ಮೇಲೂ ಕೆಲವೊಮ್ಮೆ ಚಿತ್ರ ಬರುವುದಿಲ್ಲ, ಫೋನ್ ಮಾಡಿದರೆ "ಬಾಕ್ಸ್ ಆನ್ ಮಾಡಿ ಅರ್ಧ ಗಂಟೆ ಬಿಡಿ" ಅನ್ನುತ್ತಾರೆ. ಜಾರಿಕೊಳ್ಳೋ ಮಾತು ಅನ್ನಿಸುತ್ತೆ ಅಲ್ವಾ? ಅಲ್ಲ, ನಿಜ. ಲಕ್ಷಾಂತರ ಕಾರ್ಡುಗಳ ಸಂದೇಶಗಳು ಒಂದು ಸಣ್ಣ ಕಾಲುವೆಯಲ್ಲಿ ಸಾಲಾಗಿ ಹೋಗುತ್ತಿರುತ್ತವೆ, ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲಿನಿಂದ. ನಿಮ್ಮ ಸರದಿ ಬಂದಾಗ ಬಾಕ್ಸ್ ಮಲಗಿದ್ದರೆ ಮುಂದಿನ ಸುತ್ತಿಗೆ ಕಾಯಬೇಕು. ಮನೆಗೊಂದು ಸಂದೇಶ ಅಂದರೆ ಕಾಲುವೆ ತುಂಬಿಹೋಗುತ್ತದೆ, ಆದ್ದರಿಂದ ಸಾಧ್ಯವಾದಲ್ಲೆಲ್ಲ ಕಾರ್ಡುಗಳನ್ನು ಗುಂಪು ಮಾಡಿ ಇಡೀ ಗುಂಪಿಗೆ ಒಂದೇ ಸಂದೇಶ ಕಳಿಸುತ್ತಾರೆ. ಗುಂಪಿನಲ್ಲಿ ಯಾರೋ ಒಬ್ಬರ ಚಂದಾ ಮುಗಿಯಿತು ಅಂದುಕೊಳ್ಳಿ, ಅವರನ್ನು ಮಾತ್ರ ಬಿಡಬೇಕು, ಉಳಿದವರಿಗೆ ತಲುಪಬೇಕು. ಎಲ್ಲರಿಗೂ ಕೇಳಿಸುವ ಹಾಗೆ ಕೂಗಿ ಹೇಳಬೇಕು, ಆದರೆ ಒಬ್ಬರಿಗೆ ಮಾತ್ರ ಅರ್ಥವಾಗಬಾರದು. ಹೇಗೆ?

1993ರಲ್ಲಿ ಆಮೋಸ್ ಫಿಯಟ್ ಮತ್ತು ಮೋನಿ ನಾವೋರ್ ಈ ಪ್ರಶ್ನೆಯನ್ನು ಗಣಿತವಾಗಿ ಬರೆದರು, ಆಮೇಲೆ ಇದರದ್ದೇ ಒಂದು ಶಾಖೆ ಬೆಳೆಯಿತು. ಅದರಲ್ಲಿ ಬಂದ ಒಂದು ಉಪಾಯ ಮರದ್ದು. ಎಲ್ಲಾ ಮನೆಗಳನ್ನೂ ಒಂದು ಮರದ ಎಲೆಗಳು ಅಂದುಕೊಳ್ಳಿ. ಕಾಂಡ ಎರಡು ಕೊಂಬೆಯಾಗಿ, ಪ್ರತಿ ಕೊಂಬೆ ಮತ್ತೆ ಎರಡಾಗಿ ಒಡೆಯುತ್ತಾ ಹೋಗುತ್ತದೆ. 24 ಸಲ ಒಡೆದರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಎಲೆಗಳು. ಪ್ರತಿ ಕವಲಿಗೂ ಒಂದು ಕೀಲಿ, ತನ್ನ ಎಲೆಯಿಂದ ಕಾಂಡದವರೆಗಿನ ಕೀಲಿಗಳೆಲ್ಲ ಪ್ರತಿ ಮನೆಗೂ ಗೊತ್ತು. ಈಗ ಒಂದು ಎಲೆಯನ್ನು ಹೊರಗಿಡಬೇಕು. ಕಾಂಡದಿಂದ ಆ ಎಲೆಯ ಕಡೆಗೆ ಇಳಿಯುತ್ತಾ ಬನ್ನಿ, ಪ್ರತಿ ಕವಲಿನಲ್ಲೂ ನೀವು ಹಿಡಿಯದ ಕೊಂಬೆ ಒಂದು ಉಳಿಯುತ್ತದಲ್ಲ, ಅದರ ಕೀಲಿಯಲ್ಲಿ ಸಂದೇಶ ಮುಚ್ಚಿ ಕಳಿಸಿ. ಒಟ್ಟು 24 ಸಂದೇಶ. 1 ಕೋಟಿ 67 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಒಂದೇ ಒಂದನ್ನು ಬಿಟ್ಟು ಉಳಿದ ಎಲ್ಲರಿಗೂ ಸುದ್ದಿ ಮುಟ್ಟಿತು! ಮೊದಲ ಸಲ ಓದಿದಾಗ ಪೇಪರ್ ಮೇಲೆ 8 ಎಲೆಯ ಮರ ಬರೆದು ನೋಡಿ ಖಾತ್ರಿ ಮಾಡಿಕೊಂಡೆ, ನೀವೂ ಬರೆದು ನೋಡಿ, 3 ಸಂದೇಶ ಸಾಕು. ಇದೇ ಜಾತಿಯ ಮರ ಬ್ಲೂ-ರೇ ಡಿಸ್ಕ್‌ಗಳ ಬೀಗದಲ್ಲಿ ಬಳಕೆಗೆ ಬಂತು.

ಕಳ್ಳ ಕಾರ್ಡುಗಳ ಕತೆ ಉದ್ದ, ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದಲ್ಲಿ ಡೈರೆಕ್‌ಟೀವಿಯ ಕಾರ್ಡುಗಳನ್ನು ತಿದ್ದಿ ಪುಕ್ಕಟೆ ನೋಡುವವರು ತುಂಬಾ ಇದ್ದರು. ಕಂಪನಿ ಹೊಸ ಪ್ರೋಗ್ರಾಮ್ ಒಂದನ್ನು ಸಣ್ಣ ಸಣ್ಣ ತುಂಡು ಮಾಡಿ, ಯಾರಿಗೂ ಅರ್ಥವಾಗದ ಹಾಗೆ, ಸಿಗ್ನಲ್‌ನಲ್ಲಿ ಕಳಿಸುತ್ತಾ ಬಂತು. 2001ರ ಜನವರಿ 21ರಂದು ತುಂಡುಗಳೆಲ್ಲ ಸೇರಿಕೊಂಡವು, ತಿದ್ದಿದ ಕಾರ್ಡುಗಳು ಒಟ್ಟಿಗೆ ಸತ್ತವು. ಅಲ್ಲಿನ ಫುಟ್‌ಬಾಲ್ ಫೈನಲ್ ಸೂಪರ್ ಬೌಲ್‌ಗೆ ಇನ್ನೊಂದೇ ವಾರ ಇತ್ತು. ಆ ಭಾನುವಾರಕ್ಕೆ ಕಪ್ಪು ಭಾನುವಾರ ಅಂತಲೇ ಹೆಸರು ಬಿತ್ತು.

ಸರಿ, ಚಂದಾ ಮುಗೀತು, ಮತ್ತೆ ಕಟ್ಟುವ ಮನಸ್ಸಿಲ್ಲ. ಮನೆಯಲ್ಲಿ ಏನು ಉಳಿಯುತ್ತದೆ? ಬಾಕ್ಸ್‌ನ ಡಿಸ್ಕ್‌ನಲ್ಲಿ ಉಳಿಸಿಕೊಂಡ ಕಾರ್ಯಕ್ರಮಗಳು ಸಾಮಾನ್ಯವಾಗಿ ಆ ಬಾಕ್ಸ್‌ನದ್ದೇ ಬೀಗದಲ್ಲಿ ಇರುತ್ತವೆ, ಡಿಸ್ಕ್ ಕಿತ್ತು ಕಂಪ್ಯೂಟರಿಗೆ ಹಾಕಿದರೆ ಓದೋಕಾಗುವುದಿಲ್ಲ. ಬಾಕ್ಸ್ ಬೇರೆ ಕಂಪನಿಗೆ ಹೊಂದುವುದು ಅಪರೂಪ. ಡಿಶ್ ಮಾತ್ರ ಯಾರ ಆಳೂ ಅಲ್ಲ. ಅದು ಬರೀ ಬಾಗಿದ ಲೋಹ, ಬಂದ ಅಲೆಯನ್ನು ಒಂದು ಬಿಂದುವಿಗೆ ಕೂಡಿಸುವುದಷ್ಟೇ ಅದರ ಕೆಲಸ. ಅದೇ ಉಪಗ್ರಹದಲ್ಲಿ ಬೀಗ ಹಾಕದ ಚಾನೆಲ್‌ಗಳಿದ್ದರೆ ಒಂದು ಸಾದಾ ರಿಸೀವರ್ ಇಟ್ಟು ನೋಡಬಹುದು.

ಅದೂ ಬೇಡ ಅಂದರೆ ಒಂದು ಆಟ ಇದೆ. ಡಿಶ್ ಜೋಡಿಸುವವರು ಸಿಗ್ನಲ್ ಹುಡುಕೋಕೆ ಹಿಡಿಯುವ ಪುಟ್ಟ ಮೀಟರ್ ಒಂದನ್ನು ಅದಕ್ಕೆ ಸಿಕ್ಕಿಸಿ, ಕರೆಂಟ್ ಕೊಟ್ಟು, ಡಿಶ್ ಅನ್ನು ನಿಧಾನವಾಗಿ ಸೂರ್ಯನ ಕಡೆ ತಿರುಗಿಸಿ. ಸೂರ್ಯನನ್ನು ನೀವು ನೇರವಾಗಿ ನೋಡಬೇಡಿ, ನೆರಳು ನೋಡಿ ಅಂದಾಜು ಮಾಡಿ. ಮೀಟರಿನ ಮುಳ್ಳು ಏರುತ್ತದೆ. ಸೂರ್ಯನೂ ಅದೇ ತರಂಗಾಂತರಗಳಲ್ಲಿ ಗದ್ದಲ ಮಾಡುತ್ತಿರುತ್ತಾನೆ. ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮ ಆಗುವ ದಿನಗಳ ಆಸುಪಾಸಿನಲ್ಲಿ, ಅವನು ಸರಿಯಾಗಿ ಉಪಗ್ರಹದ ಬೆನ್ನ ಹಿಂದೆಯೇ ಹಾದುಹೋಗುತ್ತಾನೆ. ಆಗ ಕೆಲವು ದಿನಗಳ ಕಾಲ, ದಿನಕ್ಕೆ ಕೆಲವು ನಿಮಿಷ, ಪೂರ್ತಿ ದುಡ್ಡು ಕಟ್ಟಿದವರ ಟೀವಿಯಲ್ಲೂ ಚಿತ್ರ ಚೂರುಚೂರಾಗುತ್ತದೆ, ಕಂಪನಿಗೆ ಎಷ್ಟು ಫೋನ್ ಮಾಡಿದರೂ ಅವನು ಅಲ್ಲಿಂದ ಸರಿದ ಮೇಲೇ ಅದು ಸರಿಹೋಗುವುದು.