ಬಿಡಿಸದೆ ಓದಿದ ಕಂಚಿನ ಪಂಚಾಂಗ

ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ ಹಸಿರು ಕಿಲುಬು ಹಿಡಿದ 82 ಕಂಚಿನ ತುಂಡುಗಳಿವೆ. ಆಂಟಿಕಿಥೆರಾ ಯಂತ್ರ ಎಂಬ ಪ್ರಾಚೀನ ಗ್ರೀಕ್ ಯಂತ್ರದ ಚೂರುಗಳು ಇವು. ಎಲ್ಲಕ್ಕಿಂತ ದೊಡ್ಡದೂ ಸುಮಾರು 18 ಸೆಂಟಿಮೀಟರ್ ಅಗಲ, ಅಷ್ಟೆ. 1901ರಲ್ಲಿ ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ ಇವನ್ನು ಮೇಲೆ ತಂದರು. ತಂದವರು ಸ್ಪಂಜಿಗಾಗಿ ಸಮುದ್ರಕ್ಕೆ ಇಳಿಯುತ್ತಿದ್ದ ಮುಳುಗುಗಾರರು.

ಒಳಗೆ ಹಲ್ಲುಚಕ್ರಗಳಿವೆ ಅನ್ನುವುದು ಬೇಗನೆ ಗೊತ್ತಾಯಿತು. ಆದರೆ ಬಿಡಿಸಿ ನೋಡುವ ಹಾಗಿಲ್ಲ. ಸುಮಾರು 2000 ವರ್ಷ ಉಪ್ಪುನೀರಿನಲ್ಲಿದ್ದು ಲೋಹವೆಲ್ಲ ಕಿಲುಬಾಗಿದೆ, ಚಕ್ರಗಳು ಒಂದಕ್ಕೊಂದು ಅಂಟಿವೆ. ಒದ್ದೆಯಾಗಿ ಒಣಗಿದ ಪುಸ್ತಕದ ಹಾಳೆ ಬಿಡಿಸಲು ಹೋದರೆ ಏನಾಗುತ್ತದೆ? ಇಲ್ಲೂ ಅದೇ ಭಯ.

1970ರ ದಶಕದ ಆರಂಭದಲ್ಲಿ ವಿಜ್ಞಾನದ ಇತಿಹಾಸಕಾರ ಡೆರೆಕ್ ಡಿ ಸೊಲ್ಲಾ ಪ್ರೈಸ್ ಮತ್ತು ಎಕ್ಸ್-ರೇ ತಜ್ಞ ಕರಾಕಾಲೋಸ್ ಇದರ ಎಕ್ಸ್-ರೇ ತೆಗೆದರು. ದೊಡ್ಡ ಹೆಜ್ಜೆಯೇ. ಆದರೆ ಸಾಮಾನ್ಯ ಎಕ್ಸ್-ರೇ ಅಂದರೆ ನೆರಳು. ಎದೆಯ ಎಕ್ಸ್-ರೇಯಲ್ಲಿ ಮುಂದಿನ ಪಕ್ಕೆಲುಬು, ಹಿಂದಿನ ಪಕ್ಕೆಲುಬು ಎರಡೂ ಒಂದರ ಮೇಲೊಂದು ಕಾಣುತ್ತವೆ ಅಲ್ವಾ? ಹಾಗೆಯೇ ಚಕ್ರಗಳ ನೆರಳು ಕಲಸಿಹೋಗಿ, ಹಲ್ಲುಗಳ ಲೆಕ್ಕ ಒಂದೆರಡು ಹೆಚ್ಚುಕಮ್ಮಿ ಆಗುತ್ತಿತ್ತು. ಇಂಥ ಯಂತ್ರದಲ್ಲಿ ಒಂದು ಹಲ್ಲು ತಪ್ಪಿದರೆ ಅರ್ಥವೇ ತಪ್ಪುತ್ತದೆ.

2005ರಲ್ಲಿ ಇಂಗ್ಲೆಂಡಿನ ಒಂದು ಕಂಪನಿ ಹಲವು ಟನ್ ತೂಕದ ಸಿ.ಟಿ. ಯಂತ್ರವನ್ನು ಅಥೆನ್ಸ್‌ಗೆ ಹೊತ್ತು ತಂದಿತು. ತುಂಡುಗಳನ್ನು ಸಂಗ್ರಹಾಲಯದಿಂದ ಆಚೆ ಕಳಿಸಲಿಲ್ಲ. ಈ ಎಚ್ಚರಿಕೆ ನನಗೆ ತುಂಬಾ ಇಷ್ಟ. ಆಸ್ಪತ್ರೆಯ ಸಿ.ಟಿ. ಸಾಮಾನ್ಯವಾಗಿ 120 ಕಿಲೋವೋಲ್ಟ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಕಂಚು ದಾಟಲು ಅದು ಸಾಲದು, ಇಲ್ಲಿ 450 ಕಿಲೋವೋಲ್ಟ್ ಬೇಕಾಯಿತು. ತುಂಡನ್ನು ತಿರುಗುವ ಪೀಠದ ಮೇಲಿಟ್ಟು, ಚೂರು ಚೂರೇ ತಿರುಗಿಸುತ್ತಾ, ಪ್ರತಿ ಕೋನದಿಂದಲೂ ನೆರಳು ಹಿಡಿದರು. ಅವನ್ನೆಲ್ಲ ಸೇರಿಸಿ ಕಂಪ್ಯೂಟರ್ ಒಳಗಿನ ಒಂದೊಂದೇ ಪದರವನ್ನು ಬೇರೆ ಮಾಡಿ ತೋರಿಸಿತು.

ಆಗ ಒಂದು ಚಕ್ರಕ್ಕೆ 223 ಹಲ್ಲು ಅನ್ನುವುದು ಖಚಿತವಾಯಿತು. 223 ಚಾಂದ್ರಮಾಸ, ಅಂದರೆ ಸುಮಾರು 18 ವರ್ಷ 11 ದಿನ ಕಳೆದರೆ ಗ್ರಹಣಗಳ ಸರಣಿ ಮತ್ತೆ ಮರುಕಳಿಸುತ್ತದೆ. ಹಿಡಿ ತಿರುಗಿಸಿದರೆ ಮುಂದಿನ ಗ್ರಹಣ ತೋರಿಸುವ ಪಂಚಾಂಗ ಅದು! ಹಿಂಬದಿಯ ಮುಖಫಲಕದಲ್ಲಿ ತಿಂಗಳಿಗೊಂದು ಮನೆ. ಚಂದ್ರಗ್ರಹಣವಿದ್ದರೆ ಚಂದ್ರನ ಗ್ರೀಕ್ ಹೆಸರಾದ ಸೆಲೀನೆಯ ಮೊದಲ ಅಕ್ಷರ, ಸೂರ್ಯಗ್ರಹಣವಿದ್ದರೆ ಸೂರ್ಯನ ಹೆಸರಾದ ಹೀಲಿಯೋಸ್‌ನ ಮೊದಲ ಅಕ್ಷರ. ಪಕ್ಕದಲ್ಲಿ ಗಂಟೆಯನ್ನು ಸೂಚಿಸಲು 'ಹೋರಾ' ಪದದ ಗುರುತು. ನಮ್ಮ ಪಂಚಾಂಗದ 'ಹೋರೆ' ಬಂದದ್ದೂ ಇದೇ ಗ್ರೀಕ್ ಪದದಿಂದ. ಇದನ್ನು ತಿಳಿದಾಗ ಆ ಕಿಲುಬಿನ ತುಂಡು ನನಗೆ ಸ್ವಲ್ಪ ಹತ್ತಿರದ್ದು ಅನ್ನಿಸಿತು.

ಕೆಲವು ಅಕ್ಷರಗಳ ಎತ್ತರ 2 ಮಿಲಿಮೀಟರ್ ಕೂಡ ಇಲ್ಲ. ಕಿಲುಬಿನ ಒಳಗೆ ಹೂತಿದ್ದ ಅಂಥ ಬರಹವನ್ನು ಕೆರೆಯದೆ, ತೊಳೆಯದೆ ಓದಿದರು. ಓದು ಅಲ್ಲಿಗೇ ನಿಲ್ಲಲಿಲ್ಲ. ಸ್ಕ್ಯಾನ್ ಆಗಿ ಹತ್ತು ವರ್ಷದ ಮೇಲೆ ಪ್ರಕಟವಾದ ಓದಿನಲ್ಲಿ ಶುಕ್ರನಿಗೆ 462, ಶನಿಗೆ 442 ಎಂಬ ವರ್ಷಗಳ ಲೆಕ್ಕ ಸಿಕ್ಕಿತು. ಅಷ್ಟು ವರ್ಷ ಕಳೆದರೆ ಆ ಗ್ರಹ ಆಕಾಶದಲ್ಲಿ ಹೆಚ್ಚುಕಡಿಮೆ ಹಳೆಯ ಹಾದಿಯನ್ನೇ ಮತ್ತೆ ಹಿಡಿಯುತ್ತದೆ. 2021ರಲ್ಲಿ ಲಂಡನ್ನಿನ ಸಂಶೋಧಕರು ಇವೇ ಅಂಕಿಗಳನ್ನು ಹಿಡಿದು, ಕಳೆದುಹೋದ ಮುಂಭಾಗದ ಚಕ್ರಗಳು ಹೇಗಿದ್ದಿರಬಹುದು ಎಂದು ಹೊಸ ಮಾದರಿ ರೂಪಿಸಿದರು. ಅವರ ಕೈಯಲ್ಲಿ ಇದ್ದದ್ದು ಸ್ಕ್ಯಾನಿನ ಚಿತ್ರಗಳು. ತುಂಡುಗಳು ಅಥೆನ್ಸ್‌ನಲ್ಲೇ ಇದ್ದವು.