ಸರ್ಕಲ್ ಅಂದಮಾತ್ರಕ್ಕೆ ಸುತ್ತಬೇಕೆಂದಿಲ್ಲ

ಸಾಗರದಿಂದ ಕಾರಿನಲ್ಲಿ ಹೊರಟ ಭಾವ ಶಿವಮೊಗ್ಗದ ನಮ್ಮ ಮನೆ ಮುಟ್ಟುವಾಗ ಅರ್ಧ ಗಂಟೆ ತಡವಾಗಿತ್ತು. ಊರಂಚಿನ ಒಂದು ಸರ್ಕಲ್‌ನಲ್ಲಿ ಅವರ ಫೋನು ‘ಮೂರನೇ ದಾರಿ ಹಿಡಿಯಿರಿ’ ಅಂದಿತಂತೆ. ನಂಬಿ ಹಿಡಿದರೆ ಅದು ನಮ್ಮ ಬೀದಿಗೆ ತದ್ವಿರುದ್ಧ ದಿಕ್ಕು. “ಎಡಕ್ಕೆ ಹೊರಳಿದ್ರೆ ಮುಗೀತಿತ್ತಲ್ಲ ಮಾರಾಯ!” ಎಂದು ರೇಗಿದರು. ಅವರ ಫೋನಿನಲ್ಲಿದ್ದದ್ದು ಓಪನ್‌ಸ್ಟ್ರೀಟ್‌ಮ್ಯಾಪ್, ಅಂದರೆ 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಆ ಸರ್ಕಲ್ ಬಿಡಿಸಿದ್ದು ನಾನೇ. ಅದನ್ನು ಅವರಿಗೆ ಇನ್ನೂ ಹೇಳಿಲ್ಲ.

ನಕ್ಷೆಯಲ್ಲಿ ನಮಗೆ ಕಾಣುವುದು ಉಂಗುರ. ದಾರಿ ಹುಡುಕುವ ತಂತ್ರಾಂಶಕ್ಕೆ ಕಾಣುವುದು ಬಿಂದುಗಳು, ಅವನ್ನು ಜೋಡಿಸುವ ಗೆರೆಗಳು, ಗೆರೆ ಸಾಗುವ ದಿಕ್ಕು, ಅಷ್ಟೇ. ಉಂಗುರಕ್ಕೆ ‘ರೌಂಡ್‌ಅಬೌಟ್’ ಎಂದು ಗುರುತು ಹಾಕಿದ ಕ್ಷಣ ಅದು ತಾನಾಗಿ ಏಕಮುಖ ರಸ್ತೆಯಾಗುತ್ತದೆ. ಮುಖ ಯಾವ ಕಡೆಗೆ ಎಂಬುದನ್ನು ನಾವು ಗೆರೆ ಎಳೆದ ಕ್ರಮವೇ ಹೇಳುತ್ತದೆ. ಎಡಬದಿಯಲ್ಲಿ ಓಡಿಸುವ ನಮ್ಮಲ್ಲಿ ಅದು ಗಡಿಯಾರದ ಮುಳ್ಳು ತಿರುಗುವ ಕಡೆಗೇ ಇರಬೇಕು. ನಾನು ತಿರುಗುಮುರುಗಾಗಿ ಎಳೆದಿದ್ದೆ. ನಾಲ್ಕು ರಸ್ತೆ ಕೂಡುವಲ್ಲಿ ಎಡಕ್ಕೆ ಹೋಗುವ ದಾರಿ ಮೊದಲನೆಯದು. ಉಲ್ಟಾ ಸುತ್ತುವ ತಂತ್ರಾಂಶಕ್ಕೆ ಅದೇ ಮೂರನೆಯದು! ಗೆರೆಯ ದಿಕ್ಕು ತಿರುಗಿಸಿದೆ, ಒಂದೇ ಒತ್ತಿನ ಕೆಲಸ.

ಎಣಿಕೆ ತಪ್ಪಲು ಇನ್ನೊಂದು ಕಾರಣ ಡಿವೈಡರ್. ಡಿವೈಡರ್ ಇರುವ ರಸ್ತೆಯನ್ನು ಎರಡು ಗೆರೆಗಳಾಗಿ ಎಳೆಯುತ್ತೇವೆ: ಒಂದು ಸರ್ಕಲ್ಲಿಗೆ ಬರುವುದು, ಇನ್ನೊಂದು ಹೊರಡುವುದು. ಬರುವ ಗೆರೆಗೆ ಏಕಮುಖ ಎಂದು ಗುರುತು ಹಾಕಲು ಮರೆತರೆ ಅದೂ ಹೊರದಾರಿಯಾಗಿ ಲೆಕ್ಕಕ್ಕೆ ಸೇರುತ್ತದೆ.

‘ಇಷ್ಟು ನಾಜೂಕು ಯಾಕೆ, ಫೋನಿಗೆ ಜಿಪಿಎಸ್ ಇದೆಯಲ್ಲ’ ಅನ್ನಬಹುದು. 30 ಮೀಟರ್ ಅಗಲದ ಸರ್ಕಲ್ಲಿನ ಸುತ್ತಳತೆ ಸುಮಾರು 94 ಮೀಟರ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಕಾಲು ಸುತ್ತು ಮುಗಿಸಲು ನಾಲ್ಕೇ ಸೆಕೆಂಡು ಸಾಕು. ಸೆಕೆಂಡಿಗೊಮ್ಮೆ ಜಾಗ ಗುರುತಿಸುವ ಫೋನಿಗೆ ಅಷ್ಟರಲ್ಲಿ ಸಿಗುವುದು ನಾಲ್ಕು ಚುಕ್ಕಿ, ಬಯಲಲ್ಲೂ ಒಂದೊಂದು ಚುಕ್ಕಿ ಐದು ಮೀಟರಿನಷ್ಟು ಆಚೀಚೆ ಇರಬಹುದು. ಮರಗಳ ಕೆಳಗೆ ಇನ್ನೂ ಹೆಚ್ಚು, ಮಲೆನಾಡಿನಲ್ಲಿ ಮರಕ್ಕೇನು ಬರ. ಹಾಗಾಗಿ ಫೋನು ಆ ಚುಕ್ಕಿಗಳನ್ನು ನಾವೆಳೆದ ಗೆರೆಗೆ ಅಂಟಿಸಿಕೊಂಡು ನಡೆಯುತ್ತದೆ. ಆ ಗೆರೆಯನ್ನೂ ನಾಲ್ಕೇ ಬಿಂದುವಿನ ಚೌಕವಾಗಿ ಎಳೆದರೆ ಅದು ನಿಜವಾದ ದಾರಿಯಿಂದ 4 ಮೀಟರಿಗೂ ಹೆಚ್ಚು ಒಳಸರಿಯುತ್ತದೆ. ಹದಿನಾರು ಬಿಂದು ಇಟ್ಟರೆ ವ್ಯತ್ಯಾಸ ಒಂದಡಿಯೊಳಗೆ.

ಉಪಗ್ರಹ ಚಿತ್ರವನ್ನೂ ಕಣ್ಣು ಮುಚ್ಚಿ ನಂಬಬಾರದು. ಓರೆಯಾಗಿ ತೆಗೆದ ಚಿತ್ರದಲ್ಲಿ ಗುಡ್ಡದ ಏರಿಳಿತದಿಂದ ರಸ್ತೆ ಪಕ್ಕಕ್ಕೆ ಸರಿದಂತೆ ಕಾಣುವುದುಂಟು. ಅದೇ ದಾರಿಯಲ್ಲಿ ಹಲವು ಸಲ ಓಡಾಡಿದ ಜಿಪಿಎಸ್ ಜಾಡುಗಳ ಮೇಲಿಟ್ಟು ತಾಳೆ ನೋಡಬೇಕು.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ನಮ್ಮ ‘ಸರ್ಕಲ್’ ಎಂಬ ಮಾತು. ನಾಲ್ಕು ರಸ್ತೆ ಕೂಡಿದರೆ ಸಾಕು, ನಮಗದು ಸರ್ಕಲ್. ನಡುವೆ ಸುತ್ತುಕಟ್ಟೆ ಇರಲಿ, ಬಿಡಲಿ. ಹೆಸರು ನೋಡಿ ಉಂಗುರ ಬಿಡಿಸುವ ಹೊಸಬರು ಸಿಗ್ನಲ್ ಇರುವ ಸಾದಾ ಕೂಡುರಸ್ತೆಯಲ್ಲೂ ಜನರನ್ನು ಸುತ್ತಿಸುತ್ತಾರೆ. ರೌಂಡ್‌ಅಬೌಟ್ ಅನ್ನಿಸಿಕೊಳ್ಳಲು ನಡುಗಡ್ಡೆ ಇರಬೇಕು, ಒಳಗೆ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕಿರಬೇಕು. ಬಸ್ಸಿನ ಚಕ್ರವೇ ಮೇಲೆ ಹತ್ತಿ ದಾಟಬಹುದಾದ ಚಿಕ್ಕ ದಿಬ್ಬವಾದರೆ ಉಂಗುರವೇ ಬೇಡ, ‘ಮಿನಿ ರೌಂಡ್‌ಅಬೌಟ್’ ಎಂಬ ಒಂದು ಬಿಂದು ಸಾಕು. ಪೊಲೀಸರು ತಾತ್ಕಾಲಿಕವಾಗಿ ಇಟ್ಟ ಡ್ರಮ್ಮಿಗೆ ಅದೂ ಬೇಡ.

ಹೆಸರಿಗೆ ನಕ್ಷೆಯಲ್ಲಿ ಬೇರೆಯೇ ಜಾಗವಿದೆ, ಒಂದಕ್ಕಿಂತ ಹೆಚ್ಚು ಹೆಸರಿಗೂ. ಶಿವಮೊಗ್ಗದ ಟಿ. ಸೀನಪ್ಪ ಶೆಟ್ಟಿ ವೃತ್ತಕ್ಕೆ ಗೋಪಿ ಸರ್ಕಲ್ ಎಂಬ ರೂಢಿಯ ಹೆಸರನ್ನೂ ಸೇರಿಸಬೇಕು. ಆಟೋ ಹತ್ತಿದವರು ಹೇಳುವುದು ಅದನ್ನೇ.