ಬಾಕಿ ಎರಡು ಸಾವಿರ, ಬಡ್ಡಿಯೂ ಹತ್ತಿರ ಹತ್ತಿರ ಅಷ್ಟೇ

ರಿಟರ್ನ್ಸ್ ಕೆಲಸವೆಲ್ಲ ಮುಗಿದು ಎದ್ದು ಹೊರಡುವಾಗ ನಮ್ಮ ಅಡಿಕೆ ಬೆಳೆಗಾರರು ಒಂದು ಪ್ರಶ್ನೆ ತೆಗೆಯುತ್ತಾರೆ: ‘ಸಾರ್, ಯಾವ ಕ್ರೆಡಿಟ್ ಕಾರ್ಡಿಗೆ ಬಡ್ಡಿ ಕಮ್ಮಿ?’ ಬಿಲ್ ಪೂರ್ತಿ ಕಟ್ತೀರಾ ಅಂತ ಕೇಳಿದರೆ, ‘ಕಟ್ಟದೆ ಬಿಡ್ತೀವಾ ಸಾರ್!’ ಹಾಗಾದರೆ ತಿಂಗಳಿಗೆ ಶೇ. 3 ಇದ್ದರೇನು, 3.75 ಇದ್ದರೇನು, ನಿಮಗೆ ತಗಲುವುದಿಲ್ಲ. ವಾರ್ಷಿಕ ಶುಲ್ಕ ಎಷ್ಟು ನೋಡಿ, ಸಾಕು.

ತೊಂದರೆ ಏನೆಂದರೆ, ಹೀಗೆ ಹೇಳುವ ಎಷ್ಟೋ ಜನ ಪೂರ್ತಿ ಕಟ್ಟಿರುವುದೇ ಇಲ್ಲ.

ತೀರ್ಥಹಳ್ಳಿ ಕಡೆಯ ಯಜಮಾನರೊಬ್ಬರು ಅಡಿಕೆ ಮರಕ್ಕೆ ಕೊಳೆ ರೋಗದ ಔಷಧಿ ಹೊಡೆಯಲಿಕ್ಕೆಂದು ಜೂನ್ 5ಕ್ಕೆ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು ತಗೊಂಡರು. ಕಾರ್ಡಿನಲ್ಲಿ 40,000 ರೂಪಾಯಿ. 20ಕ್ಕೆ ಬಿಲ್ ಬಂತು, ಕಟ್ಟಲು ಜುಲೈ 10 ಕಡೇ ದಿನ. ಅವತ್ತೇ 38,000 ಕಟ್ಟಿದರು. ಮಿಕ್ಕ ಎರಡು ಸಾವಿರ ಮುಂದಿನ ತಿಂಗಳು ನೋಡಿದರಾಯಿತು ಎಂದು ಬಿಟ್ಟರು. ಮುಂದಿನ ಬಿಲ್ಲಿನಲ್ಲಿ ಬಡ್ಡಿ, ಜಿಎಸ್‌ಟಿ ಸೇರಿ ಸುಮಾರು 1,930! ‘ಎರಡು ಸಾವಿರಕ್ಕೆ ಇದೆಂಥ ಬಡ್ಡಿ ಮಾರಾಯ್ರೆ, ಕಂಪ್ಯೂಟರ್ ಕೆಟ್ಟಿರಬೇಕು’ ಅಂದರು.

ಕಂಪ್ಯೂಟರ್ ಸರಿಯಾಗೇ ಇತ್ತು. ಬಡ್ಡಿ ಬಿದ್ದದ್ದು ಉಳಿದ ಎರಡು ಸಾವಿರದ ಮೇಲೆ ಮಾತ್ರ ಅಲ್ಲ. ಇಡೀ 40,000ದ ಮೇಲೆ, ಅದೂ ದೋಟಿ ತಗೊಂಡ ದಿನದಿಂದ. ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ 42. ಜುಲೈ 10ರವರೆಗಿನ 35 ದಿನಕ್ಕೆ 1,611. ಆಮೇಲಿನ ಹತ್ತು ದಿನಕ್ಕೆ ಎರಡು ಸಾವಿರದ ಮೇಲೆ 23. ಇಷ್ಟರ ಮೇಲೆ ಶೇ. 18 ಜಿಎಸ್‌ಟಿ. ಬಡ್ಡಿಯಿಲ್ಲದ ಅವಧಿ ಅಂತ ಕೊಟ್ಟಿದ್ದನ್ನು ಬ್ಯಾಂಕ್ ವಾಪಸ್ ಕಿತ್ತುಕೊಳ್ಳುವುದು ಹೀಗೆ. ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಉಜ್ಜಿದ ದಿನದಿಂದಲೇ ಬಡ್ಡಿ. ಲೆಕ್ಕ ಹಾಕುವ ರೀತಿ ಬ್ಯಾಂಕಿನಿಂದ ಬ್ಯಾಂಕಿಗೆ ತುಸು ಬೇರೆ ಇರುತ್ತದೆ, ನಿಮ್ಮ ಕಾರ್ಡಿನ ಷರತ್ತು ಒಮ್ಮೆ ಓದಿ.

ಸೊಸೈಟಿಯ ಸೊನ್ನೆ ಬಡ್ಡಿ ಬೆಳೆಸಾಲವೂ ಗಡುವಿನೊಳಗೆ ತೀರಿಸಿದರಷ್ಟೇ ಸೊನ್ನೆ. ಅದಕ್ಕೆ ಇದೇ ಯಜಮಾನರು ಮಳೆಯಲ್ಲಿ ನೆನೆದುಕೊಂಡಾದರೂ ಹೋಗಿ ಕಟ್ಟಿ ಬರುತ್ತಾರೆ. ಕಾರ್ಡು ಎಂದರೆ ಯಾಕೋ ಸಸಾರ.

‘ಮೂರು ದಿನ ತಡ ಆದ್ರೂ ಪರವಾಗಿಲ್ವಂತೆ’ ಅನ್ನುವವರಿಗೆ: ರಿಸರ್ವ್ ಬ್ಯಾಂಕ್ ಆ ಮಾತು ಹೇಳಿರುವುದು ಲೇಟ್ ಫೀ ಬಗ್ಗೆ. ಬಡ್ಡಿಗೂ ಅದೇ ರಿಯಾಯಿತಿ ಎಂದು ನಂಬಿ ಕೂರಬೇಡಿ. ಕೋರ್ಟು ಕಾಪಾಡುತ್ತದೆ ಎಂದೂ ಕಾಯಬೇಡಿ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ. 30 ದಾಟಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿದೆ. ಇನ್ನು ಕಾರ್ಡ್ ಹಾಕಿ ಎಟಿಎಂನಿಂದ ನಗದು ತೆಗೆಯುವವರು ಬಿಲ್ ಪೂರ್ತಿ ಕಟ್ಟಿದರೂ ಬಡ್ಡಿ ತಪ್ಪದು, ಅದು ಅವತ್ತಿನಿಂದಲೇ ಶುರು. ಅಂಥವರು ದರ ಕೇಳಲಿ, ಬೇಡ ಅನ್ನುವುದಿಲ್ಲ.

ಬಿಲ್ಲಿನ ಹಣ ಖಾತೆಯಿಂದ ತಾನಾಗಿಯೇ ಹೋಗುವಂತೆ ಆಟೋ ಡೆಬಿಟ್ ಹಾಕಿಸುವಾಗ ‘ಮಿನಿಮಮ್ ಡ್ಯೂ’ (ಕನಿಷ್ಠ ಮೊತ್ತ) ಬಿಟ್ಟು ‘ಟೋಟಲ್ ಡ್ಯೂ’ಗೆ (ಪೂರ್ತಿ ಬಾಕಿ) ಗುರುತು ಹಾಕಿ. ಮಂಡಿಯ ದುಡ್ಡು ಕೈಗೆ ಬರುವುದಕ್ಕೂ ಬಿಲ್ಲಿಗೂ ತಾಳೆಯಾಗದಿದ್ದರೆ ಬಿಲ್ಲಿನ ತಾರೀಖು ಬದಲಾಯಿಸಿಕೊಡಿ ಎಂದು ಕೇಳಿ. ಕನಿಷ್ಠ ಒಂದು ಸಲ ಬ್ಯಾಂಕ್ ಅದಕ್ಕೆ ಅವಕಾಶ ಕೊಡಲೇಬೇಕು.